ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಇಳಕಲ್ಲ
18 ಜೂನ್ 2025

ಮಗಳು ಅರ್ಜುಗೆ ಅಬ್ಬಾನ ದುವಾ.

ಬುತ್ತಿ ಬಿಚ್ಚಿದ ಕೂಡಲೇ ರೊಟ್ಟಿಗಿಂತ ಮೊದಲು ಕಾಗದ ಕೈಗೆ ಸಿಕ್ಕಿತೆಂದು ಗಾಬರಿಯಾಗಬೇಡ. ಎಲ್ಲರೂ ಆರಾಮ ಇದ್ದೇವೆ. ನನ್ನ ಗಂಟಲಿನ ಗಂಟು ತೆಗೆದ ಡಾಕ್ಟರು ಮೊನ್ನೆ ಮತ್ತೆ ನೋಡಿ, ಇನ್ನೂ ಕೆಲವು ತಿಂಗಳು ಧ್ವನಿಗೆ ರಜೆ ಕೊಡು ಎಂದರು. ಪಿಸುಗುಟ್ಟುವುದೂ ಬೇಡವಂತೆ, ಅದು ಇನ್ನೂ ಕೆಟ್ಟದ್ದಂತೆ. ಬಸ್ಸಿನ ಇಂಜಿನ್ನಿಗಿಂತ ಜೋರಾಗಿ ಮಾತಾಡಿಯೇ ನೌಕರಿ ಮುಗಿಸಿದ ಮನುಷ್ಯನಿಗೆ ಇದೆಂಥ ಶಿಕ್ಷೆ ನೋಡು. ಮೊಬೈಲಿನಲ್ಲಿ ಬರೆಯಲು ಹೋದರೆ ನಾನು ಒತ್ತುವ ಅಕ್ಷರ ಒಂದು, ಅದು ತಾನಾಗಿ ಮೂಡಿಸುವುದು ಇನ್ನೊಂದು. ಅದಕ್ಕೇ ಪೆನ್ನು ಹಿಡಿದೆ. ನಮ್ಮ ಬಾಯಲ್ಲಿ ಉರ್ದು ಇದ್ದರೂ ಕೈಯಲ್ಲಿರುವುದು ಕನ್ನಡ ಸಾಲಿಯ ಅಕ್ಷರವಲ್ಲವೇ, ತಪ್ಪು ಕಂಡರೆ ಟೀಚರಮ್ಮ ಕೆಂಪು ಗೆರೆ ಎಳೆಯಬಾರದು.

ನಾನು ಡ್ಯೂಟಿಯಲ್ಲಿದ್ದಾಗ ಊರ ಮಕ್ಕಳ ಬುತ್ತಿಯೆಲ್ಲ ನನ್ನ ಬಾನೆಟ್ಟಿನ ಮೇಲೆ ಕುಳಿತು ಬಾಗಲಕೋಟೆಗೂ ಬಾದಾಮಿಗೂ ಹೋಗುತ್ತಿದ್ದವು. ಈಗ ನೀನು ಪಟ್ಟದಕಲ್ಲಿನ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೋಗಿ ಬಾದಾಮಿಯಲ್ಲಿ ಖೋಲಿ ಹಿಡಿದಿದ್ದೀ, ನಿನ್ನ ಬುತ್ತಿಯನ್ನು ನಾನು ಬೇರೆ ಡ್ರೈವರನ ಕೈಗೆ ಕೊಡಬೇಕಾಗಿದೆ. ಹೊಸ ಹುಡುಗ ಒಳ್ಳೆಯವನೇ, ಆದರೆ ಬ್ರೇಕ್ ಹಾಕುವ ರೀತಿ ನೋಡಿದರೆ ಸಾರು ಚೆಲ್ಲದೆ ಬಂದರೆ ಅದು ನಿನ್ನ ಪುಣ್ಯ.

ಇನ್ನು ನೀನು ತಗೊಳ್ಳಬೇಕೆಂದಿರುವ ಕಾರಿನ ಮಾತು. ಶೋರೂಮಿನವರು ಕೊಟ್ಟ ಬಣ್ಣದ ಪುಸ್ತಕವನ್ನು ನೀನು ಹೋದ ಸಲ ಇಲ್ಲೇ ಮರೆತು ಹೋದೆ, ಪೂರ್ತಿ ಓದಿದೆ. ಜಪಾನ್ ಕಂಪನಿಯ ಗಾಡಿ ಎಂದ ಮೇಲೆ ಇಂಜಿನ್ನಿನ ಚಿಂತೆ ಇಲ್ಲ. ಒಂದೇ ಗಾಡಿಗೆ ಮೂರು ದರ್ಜೆ ಮಾಡಿಟ್ಟಿದ್ದಾರೆ: ಬೇಸ್ ಮಾಡೆಲ್, ಮಿಡ್ಲ್, ಟಾಪ್ ಎಂಡ್. ನಮ್ಮ ಡಿಪೋ ಭಾಷೆಯಲ್ಲಿ ಕೆಂಪು ಬಸ್ಸು, ರಾಜಹಂಸ, ಐರಾವತ. ಮೂರೂ ಓಡುವುದು ಅದೇ ರಸ್ತೆಯ ಮೇಲೆ, ಮುಟ್ಟುವುದು ಅದೇ ಊರಿಗೆ. ನನ್ನ ಮಾತು ಕೇಳು, ಬೇಸ್ ತಗೋ. ಇಂಜಿನ್ ಒಂದೇ, ಬ್ರೇಕ್ ಒಂದೇ, ಏರ್‌ಬ್ಯಾಗು ಮೂರರಲ್ಲೂ ಅಷ್ಟೇ. ಹಿಂದಿನ ಗಾಜನ್ನು ಕೈಯಿಂದ ತಿರುವಿ ಇಳಿಸಬೇಕಂತೆ. ತಿರುವೋಣ, ಅಲ್ಲಾ ಕೈ ಕೊಟ್ಟಿದ್ದು ಯಾತಕ್ಕೆ?

ಕೈ ಎಂದಾಗ ನೆನಪಾಯಿತು. ಗಂಟಿಗೆ ಅಂಟಿಕೊಂಡ, ಭುಜಕ್ಕೆ ಹೋಗುವ ನರ ಬಿಡಿಸಿದರೆ ಎಡಭುಜ ಸಡಿಲಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರಲ್ಲ, ಹಾಗೇ ಆಗಿದೆ. ಎಡಗೈ ಸ್ವಲ್ಪ ಸೋಮಾರಿ. ದಿನಾ ಗೋಡೆಯ ಮೇಲೆ ಬೆರಳು ಹತ್ತಿಸುವ ಕಸರತ್ತು ಮಾಡುತ್ತೇನೆ. ಗೇರು ಹಾಕುವಷ್ಟಕ್ಕೆ ಬಂದೇ ಬರುತ್ತದೆ. ನಿನ್ನ ಗಾಡಿಯನ್ನು ಬಾಗಲಕೋಟೆಯಿಂದ ಮನೆಗೆ ನಡೆಸಿಕೊಂಡು ಬರುವವನು ನಾನೇ ಎಂದು ಓಣಿಯ ತುಂಬ ಸನ್ನೆ ಮಾಡಿ ಹೇಳಿದ್ದೇನೆ.

ಒಂದು ಮಾತು, ಬಾಯಿದ್ದಿದ್ದರೆ ಹೇಳಲು ನಾಚಿಕೆಯಾಗುತ್ತಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನೀನು ಸಾಲಿಗೆ ರಜೆ ಹಾಕಿ ನನ್ನ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತೇ ಇದ್ದೆ. ನಾನು ಕಣ್ಣು ತೆರೆದಾಗಲೆಲ್ಲ ನಿನ್ನ ಕಣ್ಣು ತೆರೆದೇ ಇರುತ್ತಿತ್ತು. ಭಾಳ ಉಪಕಾರ ಆಯಿತು ಮಗಳೇ.

ನಿನ್ನ ಅಬ್ಬಾ
ರಾಜಮಹ್ಮದ


ಬಾದಾಮಿ
23 ಜೂನ್ 2025

ಅಬ್ಬಾ, ಸಲಾಮ್.

ಸಾರು ಚೆಲ್ಲಿರಲಿಲ್ಲ. ಅಮ್ಮಿಗೆ ಹೇಳಿ, ಶೇಂಗಾ ಹಿಂಡಿಯನ್ನು ಸ್ಟಾಫ್ ರೂಮಿನಲ್ಲಿ ತೆರೆದಿಟ್ಟು ತಪ್ಪು ಮಾಡಿದೆ, ನನಗೆ ಡಬ್ಬಿ ಮಾತ್ರ ಉಳಿಯಿತು. ಆ ಖಾಲಿ ಡಬ್ಬಿಯಲ್ಲೇ ಈ ಉತ್ತರ ಇಟ್ಟು ಸಂಜೆಯ ಬಸ್ಸಿಗೆ ಕೊಡುತ್ತಿದ್ದೇನೆ.

ಉಪಕಾರ ಗಿಪಕಾರ ಎಂದು ಇನ್ನೊಮ್ಮೆ ಬರೆದರೆ ಖಂಡಿತ ಕೆಂಪು ಗೆರೆ ಎಳೆಯುತ್ತೇನೆ.

ಶೋರೂಮಿಗೆ ಮತ್ತೆ ಹೋಗಿದ್ದೆ. ಅಲ್ಲಿ ಭಾಗ್ಯಜ್ಯೋತಿ ಎಂಬ ಹುಡುಗಿ ಇದ್ದಾಳೆ, ಬೇಸರಪಡದೆ ಮೂರರಲ್ಲೂ ಕೂರಿಸಿ ತೋರಿಸಿದಳು. ಟಾಪ್ ಎಂಡಿನಲ್ಲಿ ತಲೆಯ ಮೇಲೆ ಗಾಜಿನ ಕಿಂಡಿ ಇದೆ. ನಮ್ಮ ಬಿಸಿಲಿಗೆ ತಲೆ ಮೇಲೆ ಕಿಂಡಿ ಯಾರಿಗೆ ಬೇಕು ಎಂದರೆ ಅವಳಿಗೂ ನಗು ಬಂತು. ನಿಮ್ಮ ಬೇಸ್ ಅನ್ನೂ ನೋಡಿದೆ. ನೆಟ್ಟಗಿದೆ. ಆದರೆ ನನ್ನ ಮನಸ್ಸು ಮಿಡ್ಲ್ ಮೇಲೆ ನಿಂತಿದೆ. ಡ್ರೈವರ್ ಸೀಟನ್ನು ಎತ್ತರಿಸಿ ಇಳಿಸಬಹುದು, ಹಿಂದಕ್ಕೆ ಹೋಗುವಾಗ ಕುತ್ತಿಗೆ ತಿರುಗಿಸದೆ ಪರದೆಯಲ್ಲೇ ನೋಡಬಹುದು, ಹಿಂದಿನ ಗಾಜಿಗೂ ವೈಪರ್ ಇದೆ.

ಇನ್ನೊಂದು ವಿಷಯ. ಬೇಸ್ ಬರುವುದು ಗೇರಿನಲ್ಲಿ ಮಾತ್ರ. ಮಿಡ್ಲಿನಿಂದ ಮೇಲಕ್ಕೆ ಆಟೋಮೆಟಿಕ್ ಸಿಗುತ್ತದೆ, ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ನಾನು ಅದನ್ನೇ ತಗೊಳ್ಳೋಣ ಎಂದಿದ್ದೇನೆ. ಪಟ್ಟದಕಲ್ಲಿನ ದಾರಿ ನಿಮಗೆ ಗೊತ್ತಲ್ಲ, ಕುರಿ ಹಿಂಡು ದಾಟಿದರೆ ರಸ್ತೆಯುಬ್ಬಿನ ಹಂಪು, ಹಂಪು ದಾಟಿದರೆ ಪ್ರವಾಸಿಗರ ಬಸ್ಸು. ಕ್ಲಚ್ ಒತ್ತಿ ಒತ್ತಿ ಕಾಲು ಸೋತು ಹೋಗುತ್ತದೆ.

ಮುಂದಿನ ವಾರದ ನಂತರದ ರವಿವಾರ ನೀವು ಬನ್ನಿ. ಓಡಿಸಿ ನೋಡಿದ ಮೇಲೆ ನಿರ್ಧಾರ ಮಾಡೋಣ.

ನಿಮ್ಮ
ಅರ್ಜು


ಇಳಕಲ್ಲ
30 ಜೂನ್ 2025

ಅರ್ಜು ಬೇಟಿ,

ನಿನ್ನ ಕಾಲು ಸೋಲುತ್ತದೆಯೇ? ಗುಡೂರ ರಸ್ತೆಯಲ್ಲಿ ಎರವಲು ಜೀಪು ತಂದು ನಿನಗೆ ಕಲಿಸಿದ್ದು ಮರೆತುಹೋಯಿತೇನು? ಏರು ಬಂದಾಗ ಎರಡನೇ ಗೇರಿಗೆ ಇಳಿಸಿ, ಇಂಜಿನ್ನು ಗುರ್ ಎಂದು ಹಿಡಿತಕ್ಕೆ ಬಂದಾಗ ನೀನು ಚಪ್ಪಾಳೆ ಹೊಡೆಯಲು ಹೋಗಿ ಸ್ಟೇರಿಂಗನ್ನೇ ಬಿಟ್ಟಿದ್ದೆ. ಗೇರು ಹಾಕುವುದೆಂದರೆ ನಿನಗೆ ಹಬ್ಬ. ಅಂಥವಳಿಗೆ ಕ್ಲಚ್ ಭಾರವಾಯಿತಂತೆ. ಡ್ರೈವರನ ಮುಂದೆ ಕಾಲಿನ ಸುಳ್ಳು ಹೇಳಬೇಡ.

ನನಗೆ ಎಲ್ಲ ತಿಳಿಯುತ್ತದೆ. ಸೀಟು ಏಳಬೇಕು, ಕುತ್ತಿಗೆ ತಿರುಗಿಸುವ ಕೆಲಸ ಇರಬಾರದು, ಎಡಗೈಗೆ ಕೆಲಸ ಇರಬಾರದು. ಇದು ಪಟ್ಟದಕಲ್ಲಿನ ಟೀಚರಿಗೆ ಹುಡುಕಿದ ಗಾಡಿಯೋ, ಇಳಕಲ್ಲಿನ ಮುದುಕನಿಗೆ ಹುಡುಕಿದ್ದೋ? ದುಡಿಯುವವಳು ನೀನು, ದಿನಾ ಓಡಿಸುವವಳು ನೀನು. ನನ್ನ ಸಲುವಾಗಿ ನಿನ್ನ ಗಾಡಿ ಕೆಡಿಸಿಕೊಳ್ಳಬೇಡ. ನನ್ನ ಕೈ ನೆಟ್ಟಗಾಗುತ್ತಿದೆ, ನಿನ್ನೆ ಗೋಡೆಯ ಮೇಲೆ ಕ್ಯಾಲೆಂಡರಿನ ಮೊಳೆಯ ತನಕ ಬೆರಳು ಹೋಯಿತು. ನಿನ್ನ ಅಮ್ಮಿ ಬಿಬಿಜಾನ ಸಾಕ್ಷಿ. ಅವಳು ಹುಬ್ಬು ಹಾರಿಸಿದಳು, ಅದು ಬೇರೆ ಮಾತು.

ರವಿವಾರ ಬರುತ್ತೇನೆ. ಅಮಾತೆಪ್ಪನನ್ನೂ ಕರೆತರುತ್ತೇನೆ. ನಾನು ಸನ್ನೆ ಮಾಡಿದ್ದನ್ನು ಮಾತು ಮಾಡಿ ಹೇಳಲು ನನಗೊಬ್ಬ ಕಂಡಕ್ಟರು ಬೇಕು, ನೌಕರಿ ಪೂರ್ತಿ ಅವನು ಮಾಡಿದ್ದೂ ಅದೇ ಕೆಲಸ. ನಾನು ಪ್ರಯಾಣಿಕರಿಗೆ ಬೈದರೆ ಅವನು ಅದನ್ನು ವಿನಂತಿ ಮಾಡಿ ಹೇಳುತ್ತಿದ್ದ.

ಆಟೋಮೆಟಿಕ್ ಓಡಿಸಿ ತೋರಿಸುತ್ತೇನೆ, ಅದೇನು ಮಹಾ. ತೋರಿಸಿದ ಮೇಲೆ ಬೇಸ್ ಬರೆಸಿ ಬರೋಣ.

ಅಬ್ಬಾ


ಇಳಕಲ್ಲ
8 ಜುಲೈ 2025

ಅರ್ಜು,

ಬೇಸ್ ತಗೋ. ಗೇರಿನದು. ಬಣ್ಣ ಯಾವುದು ಎಂದು ನನ್ನನ್ನು ಕೇಳಬೇಡ. ಮನೆಯ ತನಕ ತಂದು ಬಿಡಲು ಶೋರೂಮಿನವರೇ ಡ್ರೈವರನ್ನು ಕೊಡುತ್ತಾರೆ.

ಸ್ಟೇರಿಂಗಿಗೂ ನನಗೂ ಇದ್ದ ಋಣ ಮುಗಿಯಿತು. ಇದರ ಮೇಲೆ ಮಾತು ಬೇಡ.

ಬುತ್ತಿಯಲ್ಲಿ ಬದನೆಕಾಯಿ ಪಲ್ಯ ಇದೆ, ಹಳಸುವುದರೊಳಗೆ ಉಣ್ಣು.

ರಾಜಮಹ್ಮದ


ಬಾದಾಮಿ
11 ಜುಲೈ 2025

ಅಬ್ಬಾ,

ಕಾಗದದ ಕೆಳಗೆ ಅಬ್ಬಾ ಎಂದು ಬರೆಯದೆ ಹೆಸರು ಬರೆದಿದ್ದೀರಿ. ಸಾಲಿಯ ಪ್ರಗತಿ ಪತ್ರಕ್ಕೆ ಸಹಿ ಮಾಡಿದ ಹಾಗಿದೆ. ನೀವು ಮಾತು ಬೇಡ ಎಂದಿರಿ, ನಾನು ಮಾತಾಡುತ್ತೇನೆ.

ರವಿವಾರ ಏನಾಯಿತು ಎಂಬುದನ್ನು ಒಮ್ಮೆ ನೇರವಾಗಿ ಹೇಳಿಬಿಡೋಣ. ನವನಗರದ ದೊಡ್ಡ ರಸ್ತೆಯಲ್ಲಿ ನೀವು ಗಾಡಿಯನ್ನು ಎಷ್ಟು ಚಂದ ನಡೆಸಿದಿರೆಂದರೆ ನಿಮ್ಮ ಪಕ್ಕ ಕುಳಿತ ಭಾಗ್ಯಜ್ಯೋತಿ ವಿವರಣೆ ಕೊಡುವುದನ್ನೇ ಬಿಟ್ಟಿದ್ದಳು. ಮುಂದೆ ದನ ಅಡ್ಡ ಬಂತು. ನಿಮ್ಮ ಬಲಗಾಲು ಮೆಲ್ಲಗೆ ಬ್ರೇಕಿಗೆ ಹೋಯಿತು, ಅದೇ ಹೊತ್ತಿಗೆ ಎಡಗಾಲು ಹಳೆಯ ರೂಢಿಯಂತೆ ಕ್ಲಚ್ ಹುಡುಕಿ ಜೋರಾಗಿ ಒತ್ತಿತು. ಅಲ್ಲಿ ಕ್ಲಚ್ ಇರಲಿಲ್ಲ, ಬ್ರೇಕಿನ ಅಗಲವಾದ ಪೆಡಲ್ಲೇ ಇತ್ತು. ಗಾಡಿ ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ಅಮಾತೆಪ್ಪ ಕಾಕಾನ ಟೋಪಿ ಮುಂದಿನ ಸೀಟಿಗೆ ಬಂತು. ಗೇರಿನ ಗಾಡಿ ಓಡಿಸಿ ಬಂದವರೆಲ್ಲ ಮೊದಲ ದಿನ ಇದನ್ನೇ ಮಾಡುತ್ತಾರೆ ಎಂದು ಭಾಗ್ಯಜ್ಯೋತಿ ಹೇಳಿದಳು. ನೀವು ಕೇಳಿಸಿಕೊಳ್ಳಲಿಲ್ಲ. ನಿಮಗೆ ಕೇಳಿಸಿದ್ದು ಹಿಂದೆ ಬಂದ ಬೈಕಿನ ಹುಡುಗನ ಮಾತು ಮಾತ್ರ.

"ಯಜ್ಜಾ, ಈಗ ಗಾಡಿ ಕಲ್ಯಾಕ ಹತ್ತೀಯೇನ?"

ಆ ಮಾತು ನನಗೂ ಚುಚ್ಚಿತು. ಅಪಘಾತವಿಲ್ಲದ ಸೇವೆಗೆ ಬೆಳ್ಳಿ ಪದಕ ಪಡೆದವರಿಗೆ ಈ ಪೋರ ಇದನ್ನು ಹೇಳುವುದೇ ಎಂದು ಇಳಿದು ಹೋಗಿ ಅವನ ಕಿವಿ ಹಿಂಡಬೇಕು ಅನ್ನಿಸಿತು. ಅಷ್ಟರಲ್ಲಿ ನೀವು ಕೀಲಿಕೈ ಭಾಗ್ಯಜ್ಯೋತಿಯ ಕೈಗಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟಿರಿ.

ಇನ್ನು ನನ್ನ ಸುಳ್ಳಿನ ವಿಷಯ. ಹೌದು, ನನ್ನ ಕಾಲು ಸೋಲುವುದಿಲ್ಲ. ಹೌದು, ನನಗೆ ಗೇರು ಹಾಕುವುದೆಂದರೆ ಇಷ್ಟ. ಈದ್ ಹಬ್ಬದ ದಿನ ನೀವು ಎಡಗೈಯನ್ನು ಬಲಗೈಯಿಂದ ಎತ್ತಿ ಹೊಸ ಅಂಗಿಯ ತೋಳಿಗೆ ತೂರಿಸುತ್ತಿದ್ದುದನ್ನು ಬಾಗಿಲ ಮರೆಯಿಂದ ನೋಡಿದೆ. ಗೇರಿನ ಗಾಡಿ ತಂದರೆ ನೀವು ಅದರಲ್ಲಿ ಕೂರುತ್ತೀರಿ, ಆದರೆ ಎಡಗಡೆ ಸೀಟಿನಲ್ಲಿ, ಕೈಕಟ್ಟಿ, ಉಳಿದ ಆಯುಷ್ಯವೆಲ್ಲ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ. ನೀವು ಮತ್ತೆ ಓಡಿಸಬೇಕು, ನನಗೆ ಬೇಕಾಗಿರುವುದು ಅದೊಂದೇ. ಅದಕ್ಕೆ ತಕ್ಕ ಗಾಡಿ ಹುಡುಕಿದೆ.

ಬದನೆಕಾಯಿ ಉಂಡೆ. ಉಪ್ಪು ಜಾಸ್ತಿ ಇತ್ತು. ಅಮ್ಮಿಗೂ ಸಮಾಧಾನ ಇಲ್ಲ ಎಂದು ಅದರಿಂದಲೇ ತಿಳಿಯಿತು.

ಅರ್ಜು


ಹುನಗುಂದ
2 ಆಗಸ್ಟ್ 2025

ಮಗಳು ಅರ್ಜುಗೆ ಅಮಾತೆಪ್ಪ ಕಾಕಾನ ಶರಣು ಶರಣಾರ್ಥಿ.

ನೀನು ಫೋನು ಮಾಡಿ, ಬುತ್ತಿ ಬರುತ್ತಿದೆ, ಕಾಗದ ಬರುತ್ತಿಲ್ಲ, ಕಾಕಾ ಒಮ್ಮೆ ಹೋಗಿ ನೋಡಿ ಬಾ ಎಂದಿದ್ದೆಯಲ್ಲ. ನಿನ್ನೆ ಇಳಕಲ್ಲಿಗೆ ಹೋಗಿದ್ದೆ. ಇದನ್ನು ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ, ನಡುವೆ ನಗು ಬರುತ್ತದೆ. ಅದಕ್ಕೆ ಟಪಾಲಿಗೆ ಹಾಕುತ್ತಿದ್ದೇನೆ.

ಕದ ತೆರೆದ ಬಿಬಿಜಾನವ್ವ ಹಿತ್ತಲಿನ ಕಡೆ ಬೆರಳು ತೋರಿಸಿದರು. ಹೋಗಿ ನೋಡುತ್ತೇನೆ, ನಮ್ಮ ಡ್ರೈವರ್ ಸಾಹೇಬರು ಕುರ್ಚಿಯ ಮೇಲೆ ಕುಳಿತಿದ್ದಾರೆ. ಕಾಲ ಮುಂದೆ ಎರಡು ಇಟ್ಟಿಗೆ. ಒಂದು ಬ್ರೇಕ್, ಒಂದು ಆಕ್ಸಿಲರೇಟರ್. ಎಡಗಾಲನ್ನು ಬಿಬಿಜಾನವ್ವನ ಹಳೇ ಓಢಣಿಯಿಂದ ಕುರ್ಚಿಯ ಕಾಲಿಗೆ ಬಿಗಿದು ಕಟ್ಟಿಕೊಂಡಿದ್ದಾನೆ. ಕೈಯಲ್ಲಿ ಊಟದ ತಾಟು, ಅದೇ ಸ್ಟೇರಿಂಗು. ಬಲಗಾಲೊಂದನ್ನೇ ಆ ಇಟ್ಟಿಗೆಯಿಂದ ಈ ಇಟ್ಟಿಗೆಗೆ, ಈ ಇಟ್ಟಿಗೆಯಿಂದ ಆ ಇಟ್ಟಿಗೆಗೆ. ನಿಮ್ಮ ರವಿವಾರ ಆಗಿ ಎರಡೇ ದಿನಕ್ಕೆ ಹಿಡಿದಿದ್ದಾನಂತೆ. ನಿನಗೆ ಬೇಸ್ ತಗೋ ಎಂದು ಸಿಟ್ಟಿನಿಂದ ಬರೆದವನು ಬುತ್ತಿ ಕಳಿಸಿ ಬಂದು ಕಾಲು ಕಟ್ಟಿಕೊಂಡು ಕುಳಿತನಂತೆ. ಎಂಥವನನ್ನು ಕಟ್ಟಿಕೊಂಡೆ ಎಂದು ಬಿಬಿಜಾನವ್ವ ಹಣೆ ಚಚ್ಚಿಕೊಂಡರು.

ನನ್ನನ್ನು ಕಂಡು ಓಢಣಿ ಬಿಚ್ಚಿಕೊಳ್ಳಲು ಹೋದ. ಗಂಟು ಬಿಚ್ಚಲಿಲ್ಲ. ಎದ್ದು ಓಡುವ ಹಾಗೂ ಇಲ್ಲ, ಬೈಯುವ ಹಾಗೂ ಇಲ್ಲ. ಮುಖ ಕೆಂಪಗಾಯಿತು. ನಾನು ನಗಲಿಲ್ಲ, ಬಸವಣ್ಣನ ಆಣೆ. ಇನ್ನೊಂದು ಕುರ್ಚಿ ತಂದು ಅವನ ಹಿಂದೆ ಹಾಕಿಕೊಂಡು ಕುಳಿತೆ. ಹಳೇ ರೂಢಿಯಂತೆ ಅಮೀನಗಡ ಬಂತು, ಇಳಿಯವರು ಇಳೀರಿ ಎಂದೆ. ಬ್ರೇಕಿನ ಇಟ್ಟಿಗೆ ಮೆಲ್ಲಗೆ ಒತ್ತಿದ. ರೈಟ್ ಎಂದೆ. ಬಿಟ್ಟ. ಹೀಗೇ ಹಿತ್ತಲಿನಲ್ಲಿ ಬಾದಾಮಿಯ ತನಕ ಹೋಗಿ ಬಂದೆವು. ಕುರಿ ಬಂದವು, ದನ ಬಂದವು, ಬೈಕಿನ ಹುಡುಗರು ಬಂದರು, ಎಲ್ಲವನ್ನೂ ನಾನೇ ಕೂಗಿದೆ. ಗುಡೂರಿನಲ್ಲಿ ಬಿಬಿಜಾನವ್ವ ಚಹಾ ಕೊಟ್ಟರು. ಹೊರಳಿ ಬರುವಾಗ ನೋಡಿದೆ, ಓಢಣಿಯಲ್ಲಿ ಎಡಗಾಲು ಮಿಸುಕಲೇ ಇಲ್ಲ.

ಆಮೇಲೆ ಓಢಣಿಯ ಗಂಟು ಬಿಚ್ಚಿಕೊಟ್ಟು ಅವನನ್ನು ಬೈದೆ. ಕಾಲು ಇಷ್ಟು ಪಳಗಿದ ಮೇಲೆ ಮಗಳಿಗೆ ಒಂದು ಅಕ್ಷರ ಬರೆಯಲು ನಿನಗೇನು ಧಾಡಿ, ಒಬ್ಬ ಪೋರ ಯಜ್ಜಾ ಅಂದದ್ದಕ್ಕೆ ಇಷ್ಟು ಹೆದರಿಕೆಯೇ ಎಂದು ಕೇಳಿದೆ. ಡಾಕ್ಟರು ಬೇಡವೆಂದದ್ದನ್ನೂ ಮರೆತು ಅವನು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ.

"ಅಮಾತೆಪ್ಪಾ, ಗಾಡಿದು ನನಗ ಹೆದರಿಕಿಲ್ಲ. ಬಾಜೂಕ ಕುಂತು ನನ್ನ ಮಗಳು ನನ್ನ ಕೈ ನೋಡಕೋತ ಬರತಾಳಲ್ಲ, ಅದರ ಹೆದರಿಕಿ."

ಅವನಿಗೆ ಹೇಳಬೇಡ ನಾನು ಬರೆದೆನೆಂದು. ಗಾಡಿ ಯಾವುದು ತಗೊಳ್ಳಬೇಕೋ ನೀನೇ ತೀರ್ಮಾನ ಮಾಡು, ನಾವು ಕಂಡಕ್ಟರ್ ಜಾತಿಯವರು, ಬರೀ ರೈಟ್ ಅನ್ನುವವರು.

ನಿನ್ನ ಕಾಕಾ
ಅಮಾತೆಪ್ಪ


ಬಾದಾಮಿ
10 ಆಗಸ್ಟ್ 2025

ಅಬ್ಬಾ, ಸಲಾಮ್.

ಗಾಡಿ ಬುಕ್ ಮಾಡಿದೆ. ಮಿಡ್ಲ್, ಆಟೋಮೆಟಿಕ್. ಟಾಪ್ ಎಂಡಿನಲ್ಲಿ ನಾಲ್ಕೂ ದಿಕ್ಕಿನ ಕ್ಯಾಮೆರಾ ಇದೆಯೆಂದು ಒಂದು ಕ್ಷಣ ಮನಸ್ಸು ಜಾರಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಮ್ಮಿ ಹೇಳುವುದು ನೆನಪಾಯಿತು, ಹಿಂದೊಂದು ಕ್ಯಾಮೆರಾ ಸಾಕು ಎಂದೆ. ಬೇಸ್ ಅನ್ನು ಬಿಟ್ಟಿದ್ದಕ್ಕೆ ನೀವು ಸಿಟ್ಟಾದರೆ ಆಗಿರಿ. ಬಣ್ಣ ನೀವೇ ಹೇಳಬೇಕು, ಭಾಗ್ಯಜ್ಯೋತಿಗೆ ಈ ತಿಂಗಳೊಳಗೆ ತಿಳಿಸುತ್ತೇನೆ ಎಂದಿದ್ದೇನೆ.

ಗೇರು ಬಿಟ್ಟುಕೊಟ್ಟೆ ಎಂದು ನನ್ನ ಮೇಲೆ ಕನಿಕರ ಪಡಬೇಡಿ. ಹೋದ ವಾರ ಮಕ್ಕಳಿಗೆ ಊಟಕ್ಕೆ ಬಿಟ್ಟಾಗ ಒಂದು ನೆನಪಾಯಿತು. ನಾನು ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದಾಗ ನಿಮ್ಮ ಬಸ್ಸು ಒಮ್ಮೆ ಅಮೀನಗಡದ ಹತ್ತಿರ ಕೆಟ್ಟು ನಿಂತಿತ್ತು. ಇವತ್ತು ಉಪವಾಸವೇ ಎಂದು ನಾವು ಹುಡುಗಿಯರು ಗೇಟಿನ ಹತ್ತಿರ ಕುಳಿತಿದ್ದೆವು. ಕಬ್ಬಿನ ಲಾರಿಯೊಂದು ಬಂದು ನಿಂತಿತು. ಡ್ರೈವರು ಕೆಳಗಿಳಿದು ಬುತ್ತಿಗಳನ್ನೆಲ್ಲ ಒಂದೊಂದಾಗಿ ಕೊಟ್ಟು, ಹಸಿದ ಮಕ್ಕಳಿದ್ದಾರೆ, ಎಲ್ಲಿಯೂ ನಿಲ್ಲಬೇಡ ಎಂದು ನಿಮ್ಮಪ್ಪ ನನ್ನ ಕೈಕಾಲು ಹಿಡಿದು ಕಳಿಸಿದ ಎಂದ. ಕೆಟ್ಟ ಬಸ್ಸಿನ ಪಕ್ಕ ಬಿಸಿಲಿನಲ್ಲಿ ನಿಂತು, ಮೊದಲು ನೀವು ಯೋಚಿಸಿದ್ದು ನಮ್ಮ ಊಟದ್ದು. ನಾನು ಆಗ ರೊಟ್ಟಿ ಮುರಿದುಕೊಂಡು ತಿಂದೆ, ಶುಕ್ರಿಯಾ ಎಂದೂ ಹೇಳಲಿಲ್ಲ. ನಿಮ್ಮ ದುಡಿಮೆ ಉಂಡೇ ನಾನು ಇಷ್ಟು ದೊಡ್ಡವಳಾಗಿದ್ದು. ಅದನ್ನು ತೀರಿಸಲು ಈ ಗಾಡಿ ಅಲ್ಲ ಅಬ್ಬಾ, ಅದು ತೀರುವಂಥದ್ದಲ್ಲ. ನೀವು ಓಡಿಸುವ ಗಾಡಿಯಲ್ಲಿ ಇನ್ನಷ್ಟು ಕಾಲ ಕೂರಬೇಕೆಂಬ ಆಸೆ, ಅಷ್ಟೇ.

ನಿಮ್ಮ
ಅರ್ಜು


ಇಳಕಲ್ಲ
21 ಆಗಸ್ಟ್ 2025

ಬೇಟಿ ಅರ್ಜು,

ನಿನ್ನ ಕಾಗದ ಬಂದು ಇಷ್ಟು ದಿನವಾದರೂ ಉತ್ತರ ಬರೆಯಲಿಲ್ಲ. ಬರೆಯಲು ಕುಳಿತಾಗಲೆಲ್ಲ ಆ ಕಬ್ಬಿನ ಲಾರಿಯ ಹತ್ತಿರ ಬಂದು ಪೆನ್ನು ನಿಂತುಬಿಡುತ್ತಿತ್ತು. ನನಗೆ ಅದು ನೆನಪೇ ಇರಲಿಲ್ಲ. ನೀನು ನೆನಪಿಟ್ಟಿದ್ದೀಯಲ್ಲ ಎಂದು ಬಿಬಿಜಾನಳಿಗೆ ಓದಿ ಹೇಳಲು ಹೋದೆ, ಓದಲು ಧ್ವನಿ ಇಲ್ಲವಲ್ಲ, ಕಾಗದವನ್ನೇ ಅವಳ ಕೈಗೆ ಕೊಟ್ಟೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಸಕ್ಕರೆ ಹಾಕದೆ ಚಹಾ ಮಾಡಿ ತಂದಳು. ಇಬ್ಬರೂ ಹಾಗೇ ಕುಡಿದೆವು.

ಆವತ್ತು ನಾನು ಗಾಡಿಯ ಮೇಲೆ ಸಿಟ್ಟು ತೀರಿಸಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು. ಗಾಡಿ ನೆಟ್ಟಗಿತ್ತು. ಎಡಗಾಲು ಹೇಳಿದ ಮಾತು ಕೇಳಲಿಲ್ಲ. ಅದಕ್ಕೆ ಬುದ್ಧಿ ಕಲಿಸುತ್ತಿದ್ದೇನೆ, ಹೇಗೆ ಎಂದು ಕೇಳಬೇಡ.

ಕೈಯ ಬಗ್ಗೆ ಈಗ ಖರೆ ಹೇಳುತ್ತೇನೆ. ಕ್ಯಾಲೆಂಡರಿನ ಮೊಳೆಗೆ ಬೆರಳು ತಾಗಿದ್ದು ನಿಜ, ಆದರೆ ಬಿಬಿಜಾನ ಆ ಮೊಳೆಯನ್ನೇ ಕಿತ್ತು ಕೆಳಗೆ ಹೊಡೆದಿದ್ದಳು. ಗೇರಿನ ಗಾಡಿ ನನ್ನಿಂದ ಇನ್ನು ಆಗುವುದಿಲ್ಲ. ಇದನ್ನು ಬರೆಯುವುದು ಕಷ್ಟ ಎಂದುಕೊಂಡಿದ್ದೆ, ಬರೆದ ಮೇಲೆ ಅಷ್ಟು ಕಷ್ಟ ಇರಲಿಲ್ಲ ಅನ್ನಿಸುತ್ತದೆ. ನೀನು ಕೊಟ್ಟಿದ್ದನ್ನು ತಗೊಳ್ಳುತ್ತೇನೆ. ಮಗಳ ಹತ್ತಿರ ತಗೊಂಡರೆ ಅಪ್ಪ ಸಣ್ಣವನಾಗುವುದಿಲ್ಲ ಎಂದು ಬಿಬಿಜಾನ ಹೇಳಿದಳು. ಅವಳ ಮಾತನ್ನು ನಾನು ಯಾವತ್ತು ತೆಗೆದುಹಾಕಿದ್ದೇನೆ?

ಒಂದು ಕರಾರು. ನನ್ನ ಕೈಯಲ್ಲಿ ಗಾಡಿ ತೂಕ ತಪ್ಪಿದ್ದು ಕಂಡರೆ ಕೀಲಿಕೈಯನ್ನು ನೀನೇ ತಗೋ. ಯಾರ ಬಾಯಿಂದಲೂ ಹೇಳಿಸಬೇಡ, ನೀನೇ ಕೈ ಚಾಚು, ಕೊಟ್ಟುಬಿಡುತ್ತೇನೆ.

ಬಣ್ಣ ಬಿಳಿ. ನಮ್ಮ ಧೂಳು ಬಿಳಿಯದರ ಮೇಲೆ ಕಡಿಮೆ ಕಾಣುತ್ತದೆ.

ಅಬ್ಬಾ


ಇಳಕಲ್ಲ
6 ಅಕ್ಟೋಬರ್ 2025

ಮಗಳು ಅರ್ಜುಗೆ ಅಬ್ಬಾನ ದುವಾ.

ಧ್ವನಿ ಅರ್ಧ ಬಂದಿದೆ, ಫೋನು ಮಾಡಬಹುದಿತ್ತು. ಆದರೆ ಶನಿವಾರ ನಿನಗೊಂದು ಸುಳ್ಳು ಹೇಳಿದ್ದೇನೆ, ಅದನ್ನು ಬಾಯಿಂದ ಬಿಚ್ಚಿ ಹೇಳಲು ಆಗುವುದಿಲ್ಲ. ನೀನು ನಿನ್ನೆ ಗಾಡಿ ತಗೊಂಡು ಬಾದಾಮಿಗೆ ಹೋದೆ. ಓಣಿಯ ತಿರುವಿನಲ್ಲಿ ಅದು ಕಾಣದಾಗುವ ತನಕ ಬಿಬಿಜಾನ ನಿಂತೇ ಇದ್ದಳು. ಆಮೇಲೆ ಮಗಳಿಗೆ ಖರೆ ಹೇಳಿಬಿಡು ಎಂದಳು.

ಶೋರೂಮಿನಿಂದ ಹೊರಟಾಗಿನದು ನಿನಗೆ ಗೊತ್ತಿದೆ. ಅಮಾತೆಪ್ಪ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟ, ನಿನ್ನ ಅಮ್ಮಿ ಬಿಸ್ಮಿಲ್ಲಾ ಎಂದಳು, ಇಬ್ಬರೂ ಹಿಂದೆ ಕುಳಿತರು. ನಾನು ಎಡಗಾಲಿನ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿದ್ದನ್ನು ನೀನು ನೋಡಿದೆ. ಬರಿಗಾಲು ಪೆಡಲ್ಲಿನ ಮೇಲೆ ಹೋಗಲು ತಾನೇ ಅನುಮಾನಿಸುತ್ತದೆ, ಅದಕ್ಕೆ ಹಾಗೆ ಮಾಡಿದೆ. ಮೊದಲನೇ ಹಂಪಿನಲ್ಲಿ ಅದು ಒಮ್ಮೆ ಮೇಲೆದ್ದಿತು. ಮತ್ತೆ ಸುಮ್ಮನೆ ಕೆಳಗಿಳಿಯಿತು.

ನೀನು ನನ್ನ ಎಡಗಡೆ ಕುಳಿತಿದ್ದೆ. ಕಿಟಕಿಯ ಹೊರಗೆ ನೋಡುವ ಹಾಗೆ ಮುಖ ಮಾಡಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದೆ. ಡ್ರೈವರನಿಗೆ ಕಣ್ಣಂಚಿನಿಂದಲೇ ನೋಡುವ ಅಭ್ಯಾಸ ಇರುತ್ತದೆ ಮಗಳೇ. ಎದುರಿನಿಂದ ಲಾರಿ ಬಂದಾಗಲೆಲ್ಲ ನಿನ್ನ ಬೆರಳು ಬಾಗಿಲಿನ ಹಿಡಿಯನ್ನು ಹಿಡಿಯುತ್ತಿತ್ತು. ಆಸ್ಪತ್ರೆಯ ಸ್ಟೂಲಿನ ಮೇಲೆ ಕುಳಿತ ಹಾಗೆಯೇ ಕುಳಿತಿದ್ದೆ. ನನಗೆ ರಸ್ತೆಗಿಂತ ನಿನ್ನದೇ ಭಾರ ಜಾಸ್ತಿಯಾಯಿತು. ಅಮೀನಗಡದಲ್ಲಿ ಕರದಂಟು ತಗೊಳ್ಳಲು ನಿಂತಾಗ, ಸಾಕು, ಕೀಲಿಕೈ ಕೊಟ್ಟುಬಿಡೋಣ ಎಂದು ಒಮ್ಮೆ ಅನ್ನಿಸಿತು. ಕೈ ಜೇಬಿಗೂ ಹೋಗಿತ್ತು. ಆದರೆ ನೀನು ಕೈ ಚಾಚಲಿಲ್ಲ. ಅಮ್ಮಿಗೆ ನೀರಿನ ಬಾಟಲಿ ಕೊಟ್ಟು ಸುಮ್ಮನೆ ಬಂದು ನಿನ್ನ ಜಾಗದಲ್ಲಿ ಕುಳಿತೆ. ನಾನೂ ಕುಳಿತೆ.

ಅಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ. ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಜೋಳದ ಹೊಲಗಳ ನಡುವೆ ರಸ್ತೆ ನೆಟ್ಟಗಿತ್ತು. ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದೆ. ಬಾಗಿಲಿನ ಹಿಡಿಯ ಮೇಲೆ ನಿನ್ನ ಬೆರಳು ಇದೆಯೇ ಎಂದು ನೋಡಿದೆ. ಇರಲಿಲ್ಲ. ನಿನ್ನ ಕೈ ತೊಡೆಯ ಮೇಲೆ ತೆರೆದುಕೊಂಡು ಬಿದ್ದಿತ್ತು, ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ನೀನು ನಿದ್ದೆ ಹೋಗಿದ್ದೆ.

ಹುನಗುಂದ ಬಂದಾಗ ಅಮಾತೆಪ್ಪ ಅಭ್ಯಾಸಬಲದಿಂದ ಊರಿನ ಹೆಸರು ಕೂಗಲು ಬಾಯಿ ತೆರೆದ. ಬಿಬಿಜಾನ ತನ್ನ ಕೈಯಿಂದ ಅವನ ಬಾಯಿ ಮುಚ್ಚಿದಳು. ಅವನು ಅಲ್ಲಿ ತನ್ನ ಮನೆಗೆ ಇಳಿಯಬೇಕಿತ್ತು, ಇಳಿಯಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಇಳಕಲ್ಲು ಬಂತು. ನಮ್ಮ ಓಣಿಯ ತಿರುವು ಬಂತು. ಗಾಡಿ ನಿಂತರೆ ಮಲಗಿದ ಕೂಸು ಏಳುತ್ತದೆ ಎಂಬುದು ಯಾವ ಡ್ರೈವರನಿಗೂ ಗೊತ್ತು. ನಾನು ತಿರುವಿಗೆ ಹೋಗಲಿಲ್ಲ. ಹಾಗೇ ಮುಂದೆ ಕುಷ್ಟಗಿ ರಸ್ತೆ ಹಿಡಿದೆ. ಎಷ್ಟೋ ದೂರ ಹೋಗಿ, ಅಗಲವಾದ ಜಾಗ ನೋಡಿ, ಚಹಾದ ಕಪ್ಪು ತುಳುಕದ ಹಾಗೆ ತಿರುಗಿಸಿಕೊಂಡು ಬಂದೆ. ಮನೆಯ ಮುಂದೆ ನೀನು ಎದ್ದು, ಹೊರಗೆ ಕತ್ತಲಾಗುತ್ತಿದ್ದುದನ್ನು ನೋಡಿ, ಇಷ್ಟು ಹೊತ್ತು ಯಾಕಾಯಿತು ಎಂದು ಕೇಳಿದೆ. ರಸ್ತೆ ರಿಪೇರಿ ನಡೆದಿತ್ತು ಎಂದು ಹೇಳಿದೆ. ಅದೇ ನಾನು ಹೇಳಿದ ಸುಳ್ಳು.

ನನ್ನ ಬಸ್ಸಿನಲ್ಲಿ ಸಾವಿರಾರು ಜನ ನಿದ್ದೆ ಮಾಡಿದ್ದಾರೆ, ಅವರಿಗೆ ಡ್ರೈವರು ಯಾರು ಎಂಬುದೂ ಗೊತ್ತಿರಲಿಲ್ಲ. ನೀನು ನನ್ನ ಕೈಯನ್ನು ನೋಡಿ ತಿಳಿದು ಆಮೇಲೆ ಕಣ್ಣು ಮುಚ್ಚಿದೆ. ಪದಕ ಕೊಟ್ಟ ದಿನವೂ ನನ್ನ ಎದೆ ಇಷ್ಟು ಹಗುರವಾಗಿರಲಿಲ್ಲ. ನೀನು ನಿದ್ದೆ ಮಾಡಿದ್ದಕ್ಕೆ ಉಪಕಾರ ಮಗಳೇ.

ನಿನ್ನ ಅಬ್ಬಾ
ರಾಜಮಹ್ಮದ